ಮತ್ತೊಮ್ಮೆ ಬರೆಯುವ ಪರೀಕ್ಷೆ

2025ರ ಜುಲೈ ಎರಡನೆಯ ವಾರದಲ್ಲಿ, ಧಾರವಾಡದಲ್ಲಿ ಮಳೆ ಹಿಡಿದು ಕುಳಿತಿದ್ದ ಒಂದು ಸಂಜೆ, ನಮಗೆ ಬಹುಕಾಲದಿಂದ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಸನ್ನದು ಲೆಕ್ಕಪರಿಶೋಧಕರ ಮಧ್ಯಮ ಪರೀಕ್ಷೆಯ, ಅಂದರೆ ಜನರು ಸಿ.ಎ. ಇಂಟರ್ ಎಂದು ಕರೆಯುವ ಪರೀಕ್ಷೆಯ ಪ್ರಥಮ ಗುಂಪಿನಲ್ಲಿ ಆ ಮಗಳು ಅನುತ್ತೀರ್ಣಳಾಗಿದ್ದಳು. ಫಲಿತಾಂಶ ಬಂದು ಐದು ದಿನಗಳಾಗಿದ್ದವು. ಅಷ್ಟು ದಿನ ಮನೆಯಲ್ಲಿ ಯಾರೂ ಯಾರೊಡನೆಯೂ ಸರಿಯಾಗಿ ಮಾತನಾಡಿರಲಿಲ್ಲವೆಂದು ಆಮೇಲೆ ತಿಳಿಯಿತು.

“ಗುರುಗಳ, ನೀವಾದ್ರೂ ಇಕಿಗೆ ಒಂದ್ ಮಾತು ಹೇಳ್ರಿ. ಸಾಕಿನ್ನ ಈ ಪರೀಕ್ಷಾ. ವರ ಬಂದಾನ, ಬೆಳಗಾವಿ ಕಡೆಯಾಂವ, ಬ್ಯಾಂಕಿನಾಗ ನೌಕರಿ ಅದ” ಎಂದರು ತಂದೆ. ಮಗಳು ತಲೆ ತಗ್ಗಿಸಿ ಕುಳಿತೇ ಇದ್ದಳು. ಬಹಳ ಹೊತ್ತಿನ ಮೇಲೆ “ಇನ್ನೊಮ್ಮೆ ಬರೀತೇನ್ರಿ” ಎಂದಷ್ಟೇ ಹೇಳಿದಳು.

ತೆರಿಗೆಯ ಶಾಸ್ತ್ರದಲ್ಲಿ ನಮಗೆ ಗತಿಯಿಲ್ಲ. ಆದರೆ ಅನುತ್ತೀರ್ಣರಾಗುವ ವಿಷಯದಲ್ಲಿ ಸ್ವಾನುಭವವುಂಟು. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ, ಹದಿನೇಳನೆಯ ವಯಸ್ಸಿನಲ್ಲಿ, ನಾವು ವ್ಯಾಕರಣದ ಪರೀಕ್ಷೆಯಲ್ಲಿ ಬಿದ್ದವರು. ಊರಿಗೆ ಹೋಗಿ ಎತ್ತು ಹೊಡೆಯುವೆವೆಂದು ಗಂಟು ಕಟ್ಟಿದ್ದೆವು. ನಮ್ಮ ಗುರುಗಳು ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. “ಯಾವ ಪ್ರಶ್ನೆಗೆ ಏನು ಬರೆದೆ, ನೆನಪಿದ್ದಷ್ಟು ಬರೆದು ತಾ” ಎಂದು ಒಂದು ಕಾಗದ ಕೊಟ್ಟರು. ಬರೆದು ತರುವಷ್ಟರಲ್ಲಿ ರಾತ್ರಿಯ ಪ್ರಸಾದದ ಗಂಟೆ ಬಾರಿಸಿತ್ತು, ಊರಿನ ಬಸ್ಸು ಹೋಗಿಬಿಟ್ಟಿತ್ತು. ಅದನ್ನೇ ಆ ಮಗಳಿಗೂ ಹೇಳಿ, ಅಂಕಪಟ್ಟಿಯನ್ನು ತರಿಸಿಕೊಂಡೆವು. ಮಠದ ಲೆಕ್ಕಪತ್ರಗಳನ್ನು ನೋಡುವ ಆಡಿಟರ್ ಒಬ್ಬರಿಗೂ ಬರಹೇಳಿದೆವು. ಅವರು ಐದನೆಯ ಪ್ರಯತ್ನದಲ್ಲಿ ಉತ್ತೀರ್ಣರಾದವರು, ಅದನ್ನು ಎಲ್ಲರೆದುರು ಹೇಳಿಕೊಳ್ಳುವವರು.

ಅಂಕಪಟ್ಟಿ ಹೀಗಿತ್ತು. ಲೆಕ್ಕಶಾಸ್ತ್ರದಲ್ಲಿ 61, ಕಂಪನಿ ಮತ್ತಿತರ ಕಾನೂನುಗಳಲ್ಲಿ 52, ತೆರಿಗೆಯಲ್ಲಿ 36. ಒಟ್ಟು 149. ಈ ಪರೀಕ್ಷೆಯ ನಿಯಮದಂತೆ ಒಂದೊಂದು ಪತ್ರಿಕೆಯಲ್ಲಿಯೂ ಕನಿಷ್ಠ 40 ಬರಬೇಕು. ಜೊತೆಗೆ ಗುಂಪಿನ ಒಟ್ಟು ಅಂಕ ಶೇಕಡಾ 50, ಅಂದರೆ ಮುನ್ನೂರಕ್ಕೆ 150 ಆಗಬೇಕು. ಹೀಗಾಗಿ ಆಕೆ ಎರಡೂ ಕಡೆ ಸೋತಿದ್ದಳು, ಒಂದು ಕಡೆ ನಾಲ್ಕು ಅಂಕಗಳಿಂದ, ಇನ್ನೊಂದು ಕಡೆ ಒಂದೇ ಅಂಕದಿಂದ. ತಂದೆಯವರು ಆ 36ನ್ನು ಮಾತ್ರ ನೋಡಿದ್ದರು. ಆಡಿಟರು ಮೊದಲು ಬೆರಳಿಟ್ಟು ತೋರಿಸಿದ್ದು 61ನ್ನು. ಗುಂಪಿನ ಎಲ್ಲ ಪತ್ರಿಕೆಗಳನ್ನೂ ಬರೆದು, ಗುಂಪು ಕೈತಪ್ಪಿದರೂ, ಯಾವ ಪತ್ರಿಕೆಯಲ್ಲಿ 60 ಅಥವಾ ಹೆಚ್ಚು ಅಂಕ ಬಂದಿದೆಯೋ ಅದನ್ನು ಮುಂದಿನ ಮೂರು ಪರೀಕ್ಷೆಗಳವರೆಗೆ ಮತ್ತೆ ಬರೆಯಬೇಕಾಗಿಲ್ಲ. ಆ ಅಂಕ ಹಾಗೆಯೇ ಕೂಡಿಕೊಳ್ಳುತ್ತದೆ. ಈ ಸೌಲಭ್ಯ ತನಗೆ ದೊರೆತಿದೆಯೆಂದು ಮಗಳಿಗೆ ಗೊತ್ತಿತ್ತು. ಮನೆಯವರಿಗೆ ಹೇಳುವ ಧೈರ್ಯವಾಗಿರಲಿಲ್ಲ. ಬಿದ್ದವಳ ಬಾಯಲ್ಲಿ ಸೌಲಭ್ಯದ ಮಾತು ಶೋಭಿಸದೆಂದು ತಿಳಿದಿದ್ದಳಂತೆ.

ಉಳಿದದ್ದು ಎರಡು ಪತ್ರಿಕೆ. ಅವೆರಡರಿಂದ 89 ಅಂಕ ಬರಬೇಕು, ಯಾವುದೊಂದೂ 40ಕ್ಕಿಂತ ಕೆಳಗಿಳಿಯಬಾರದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮರುಪರೀಕ್ಷೆಗೆ ಕೂರುವವರು ಬಿದ್ದ ವಿಷಯವನ್ನೇ ಹಗಲಿರುಳು ಓದಿ, ಹಿಂದೆ ಪಾಸಾದ ವಿಷಯವನ್ನು ಮರೆತುಬಿಡುತ್ತಾರೆ. ಕಾನೂನಿನಲ್ಲಿ 52 ಬಂದವಳಿಗೆ ಓದದಿದ್ದರೆ ಮತ್ತೆ 52 ಬರುವುದಿಲ್ಲ. ಅದು 42ಕ್ಕೆ ಇಳಿದರೆ ತೆರಿಗೆಯಲ್ಲಿ 40 ಸಾಲದು, 47 ಬೇಕಾಗುತ್ತದೆ. ಆಡಿಟರು ತಮ್ಮ ಐದು ಪ್ರಯತ್ನಗಳಲ್ಲಿ ಎರಡನ್ನು ಈ ರೀತಿಯಲ್ಲೇ ಕಳೆದುಕೊಂಡವರು.

ಇನ್ನು ತೆರಿಗೆಯಲ್ಲಿ 36 ಏಕೆ ಬಂತು? ಮಗಳು “ಕಷ್ಟ ಇತ್ರಿ” ಎಂದಳು. ಕಷ್ಟವೆಂಬುದು ಕಾರಣವಲ್ಲ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಉಂಟೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯನ್ನು ಆಧರಿಸಿ ತೀರ್ಪು ನೀಡಿದೆ. ಲೆಕ್ಕಪರಿಶೋಧಕರ ಸಂಸ್ಥೆಯೂ ಶುಲ್ಕ ಪಡೆದು ಅದರ ಪ್ರತಿಯನ್ನು ಕಳುಹಿಸುತ್ತದೆ. ಫಲಿತಾಂಶದ ನಂತರ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ಅಂಕಗಳ ಪರಿಶೀಲನೆ ಎಂಬ ಇನ್ನೊಂದು ಅರ್ಜಿಯುಂಟು. ಅದು ಮರುಮೌಲ್ಯಮಾಪನವಲ್ಲ, ಯಾವುದಾದರೂ ಉತ್ತರ ನೋಡದೆ ಉಳಿದಿದೆಯೆ, ಕೂಡಿಕೆ ತಪ್ಪಿದೆಯೆ ಎಂಬುದನ್ನಷ್ಟೇ ನೋಡುವರು. ತಂದೆಯವರಿಗೆ ಈ ಎರಡನೆಯದರಲ್ಲಿಯೇ ಬಹಳ ಆಸೆ. ನಾವು ಮೊದಲನೆಯದನ್ನು ತರಿಸಿರೆಂದು ಹೇಳಿದೆವು.

ಪ್ರತಿ ಬಂದ ದಿನ ಮೂವರೂ ಕುಳಿತು ನೋಡಿದೆವು. ಆಡಿಟರು ಒಂದೊಂದೇ ಪುಟ ತಿರುವುತ್ತ ನಕ್ಕುಬಿಟ್ಟರು. ಸಂಬಳದ ಆದಾಯದ ಲೆಕ್ಕದಲ್ಲಿ ಹೊಸ ಪದ್ಧತಿಯ ಪ್ರಮಾಣಿತ ಕಡಿತವನ್ನು ಆಕೆ 50,000 ರೂಪಾಯಿ ಎಂದು ಹಿಡಿದಿದ್ದಳು. 2024ರ ಜುಲೈ ಆಯವ್ಯಯದಲ್ಲಿ ಅದು 75,000ಕ್ಕೆ ಏರಿತ್ತು. ಆಕೆ ಓದಿದ್ದು ಗೆಳತಿಯ ಅಕ್ಕನಿಂದ ತಂದ ಹಿಂದಿನ ವರ್ಷದ ಪುಸ್ತಕ. ಅದೇ ಉತ್ತರದ ಕೊನೆಯಲ್ಲಿ, ಹನ್ನೆರಡು ಲಕ್ಷದವರೆಗೆ ತೆರಿಗೆಯಿಲ್ಲವೆಂದು ಬರೆದಿದ್ದಳು. ಅದು 2025ರ ಫೆಬ್ರವರಿ ಆಯವ್ಯಯದ ಮಾತು. ಮನೆಮನೆಯಲ್ಲಿ ಎಲ್ಲರ ಬಾಯಲ್ಲಿದ್ದದ್ದು. ಆದರೆ ಆಕೆಯ ಪರೀಕ್ಷೆಗೆ ಸಲ್ಲುತ್ತಿದ್ದದ್ದು ಅದರ ಹಿಂದಿನ ವರ್ಷದ ಕಾನೂನು. ಅದರಲ್ಲಿ ಹೊಸ ಪದ್ಧತಿಯ ರಿಯಾಯಿತಿ ಏಳು ಲಕ್ಷದ ಆದಾಯದವರೆಗೆ ಮಾತ್ರ. ಹಳೆಯ ಪುಸ್ತಕದಿಂದ ಒಂದು, ಹೊಸ ವೃತ್ತಪತ್ರಿಕೆಯಿಂದ ಒಂದು. ನಡುವೆ ಇದ್ದ ಕಾನೂನು ಮಾತ್ರ ಉತ್ತರದಲ್ಲಿ ಇರಲಿಲ್ಲ.

ಇದು ತೆರಿಗೆಯ ಓದಿನ ವಿಶೇಷ ಕಷ್ಟ. ಪಾಣಿನಿಯ ಸೂತ್ರ ನಾವು ಬಿದ್ದ ವರ್ಷವೂ ಅದೇ, ಪಾಸಾದ ವರ್ಷವೂ ಅದೇ. ತೆರಿಗೆಯ ಕಾನೂನು ಪ್ರತಿವರ್ಷ ಆಯವ್ಯಯದೊಡನೆ ಬದಲಾಗುತ್ತದೆ. ಆದುದರಿಂದ ಯಾವ ಪರೀಕ್ಷೆಗೆ ಯಾವ ವರ್ಷದ ಹಣಕಾಸು ಕಾಯ್ದೆ, ಯಾವ ದಿನಾಂಕದವರೆಗಿನ ಅಧಿಸೂಚನೆಗಳು ಸಲ್ಲುತ್ತವೆ ಎಂಬುದನ್ನು ಸಂಸ್ಥೆಯು ಮುಂಚಿತವಾಗಿಯೇ ಪ್ರಕಟಿಸುತ್ತದೆ. ಮರುಪರೀಕ್ಷೆಯ ಯೋಜನೆಯಲ್ಲಿ ಮೊದಲು ಓದಬೇಕಾದದ್ದು ಆ ಒಂದು ಪುಟವನ್ನು. ಪಠ್ಯಸಾಮಗ್ರಿ, ಪುನರಾವರ್ತನ ಪ್ರಶ್ನೆಗಳು, ಮಾದರಿ ಪ್ರಶ್ನೆಪತ್ರಿಕೆಗಳು, ಹಿಂದಿನ ಪರೀಕ್ಷೆಗಳ ಸೂಚಿತ ಉತ್ತರಗಳು, ಇವೆಲ್ಲವನ್ನೂ ಸಂಸ್ಥೆಯೇ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಹೀಗಿರಲು ಸಾವಿರಾರು ರೂಪಾಯಿ ಕೊಟ್ಟು ಮತ್ತೊಂದು ಕೋಚಿಂಗಿಗೆ ಸೇರಿಸುವ ಮುನ್ನ ಗೃಹಸ್ಥರು ಒಮ್ಮೆ ಯೋಚಿಸಲಿ.

ಉತ್ತರಪತ್ರಿಕೆಯ ಎರಡನೆಯ ದೋಷ ಇನ್ನೂ ದೊಡ್ಡದು. ತೆರಿಗೆಯ ನೂರು ಅಂಕಗಳಲ್ಲಿ ಐವತ್ತು ಆದಾಯ ತೆರಿಗೆಗೆ, ಐವತ್ತು ಸರಕು ಮತ್ತು ಸೇವಾ ತೆರಿಗೆಗೆ. ಸಮಯ ಮೂರು ಗಂಟೆ. ಆದಾಯ ತೆರಿಗೆಯ ಲೆಕ್ಕ ತಾಳೆಯಾಗಲಿಲ್ಲವೆಂದು ಆಕೆ ಅಲ್ಲಿಯೇ ಎರಡು ಗಂಟೆಗೂ ಹೆಚ್ಚು ಕುಳಿತಿದ್ದಳು. ಜಿ.ಎಸ್.ಟಿ. ಭಾಗದಲ್ಲಿ ಸುಮಾರು ಹತ್ತು ಅಂಕದ ಪ್ರಶ್ನೆಗಳು ಖಾಲಿಯೇ ಉಳಿದಿದ್ದವು. ಬೇಕಾಗಿದ್ದದ್ದು ನಾಲ್ಕು. ತಂದೆಯವರು ಆ ಖಾಲಿ ಪುಟವನ್ನು ಬಹಳ ಹೊತ್ತು ನೋಡುತ್ತ ಕುಳಿತರು. ಮೂವತ್ತನಾಲ್ಕು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರು ಅವರು. “ದಡ್ಡಿ ಅಲ್ಲ ಬಿಡ್ರಿ ಇಕಿ, ಗಡಿಯಾರ ನೋಡಿಲ್ಲ” ಎಂದರು. ಆ ಮಾತಿನ ನಂತರ ವರನ ಪ್ರಸ್ತಾಪ ಆ ದಿನ ಬರಲಿಲ್ಲ.

ಮುಂದಿನ ಪ್ರಶ್ನೆ, ಯಾವಾಗ ಬರೆಯುವುದು? ಮಧ್ಯಮ ಪರೀಕ್ಷೆಯು 2024ರಿಂದ ವರ್ಷಕ್ಕೆ ಮೂರು ಬಾರಿ ನಡೆಯುತ್ತಿದೆ; ಅದಕ್ಕೆ ಮೊದಲು ಎರಡೇ ಬಾರಿ. ಸೆಪ್ಟೆಂಬರ್ ಪರೀಕ್ಷೆಗೆ ಎರಡು ತಿಂಗಳೂ ಪೂರ್ತಿ ಉಳಿದಿರಲಿಲ್ಲ. ಜನವರಿಗೆ ಆರು ತಿಂಗಳ ಅವಕಾಶ. ಸಾಮಾನ್ಯವಾಗಿ ನಾವು ಅವಸರದ ವಿರೋಧಿಗಳು. ಆದರೆ ಇಲ್ಲಿ ನಮಗೆ ಸೆಪ್ಟೆಂಬರೇ ಸರಿಯೆಂದು ತೋರಿತು. ಓದಿದ್ದು ಇನ್ನೂ ಹಸಿಯಾಗಿತ್ತು; ಆದಾಯ ತೆರಿಗೆಯ ಅದೇ ಕಾನೂನು ಆ ಪರೀಕ್ಷೆಗೂ ಸಲ್ಲುತ್ತಿತ್ತು; ಬರೆಯಬೇಕಾದ ಪತ್ರಿಕೆಗಳು ಎರಡೇ. ಇದಲ್ಲದೆ, ಎರಡು ವರ್ಷಗಳ ಪ್ರಾಯೋಗಿಕ ತರಬೇತಿಗೆ ಸೇರಬೇಕಾದರೆ ಮಧ್ಯಮದ ಎರಡೂ ಗುಂಪುಗಳು ಮುಗಿದಿರಬೇಕು. ಇಲ್ಲಿ ಒಂದು ಅವಧಿ ಜಾರಿದರೆ ಮುಂದಿನದೆಲ್ಲವೂ ಜಾರುತ್ತದೆ, ವಿವಾಹದ ಮಾತು ಮತ್ತೆ ಮೇಲೇಳುತ್ತದೆ. 30 ಅಂಕಕ್ಕಿಂತ ಕೆಳಗೆ ಬಿದ್ದವಳಾಗಿದ್ದರೆ, ಇಲ್ಲವೆ ಮೂರೂ ಪತ್ರಿಕೆ ಬರೆಯಬೇಕಾಗಿದ್ದರೆ, ಜನವರಿಯನ್ನೇ ಹೇಳುತ್ತಿದ್ದೆವು.

ದಿನಚರಿಯನ್ನು ಆಕೆಯೇ ಬರೆದಳು. ಬೆಳಗಿನ ಇಷ್ಟಲಿಂಗ ಪೂಜೆಯ ನಂತರ ಮನಸ್ಸು ತಿಳಿಯಾಗಿರುವಾಗ ಜಿ.ಎಸ್.ಟಿ.; ಮಧ್ಯಾಹ್ನ ಆದಾಯ ತೆರಿಗೆಯ ಲೆಕ್ಕಗಳು; ಸಂಜೆ ಒಂದೂವರೆ ಗಂಟೆ ತಪ್ಪದೆ ಕಾನೂನು. ರವಿವಾರ ತಂದೆಯ ಹಳೆಯ ಶಾಲೆಯ ಒಂದು ಕೋಣೆಯಲ್ಲಿ ಮೂರು ಗಂಟೆ ಕುಳಿತು ಪೂರ್ತಿ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವುದು. ತೊಂಬತ್ತು ನಿಮಿಷವಾದ ಕೂಡಲೆ ತಂದೆ ಮೇಜು ಬಡಿಯುವರು; ವಾಕ್ಯ ಅರ್ಧವಿದ್ದರೂ ಬಿಟ್ಟು ಎರಡನೆಯ ಭಾಗಕ್ಕೆ ಹೋಗಬೇಕು. ಮೊದಲ ಎರಡು ವಾರ ಆಕೆ ಈ ಬಡಿತಕ್ಕೆ ಅತ್ತಳಂತೆ. ನೂರರಲ್ಲಿ ಮೂವತ್ತು ಅಂಕ ಆಯ್ಕೆಯ ಪ್ರಶ್ನೆಗಳಿಗೆ ಇದ್ದು, ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಅವನ್ನು ಒಂದೂ ಬಿಡದೆ ಮೊದಲೇ ಗುರುತಿಸುವುದೆಂದು ಗೊತ್ತುಮಾಡಿದರು. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದ ಮಗು. ಈ ಪರೀಕ್ಷೆಗೆ ಇಂಗ್ಲಿಷ್, ಹಿಂದಿ ಎರಡೇ ಭಾಷೆ. ಕಾರಣ ವಿವರಿಸುವ ವಾಕ್ಯಗಳು ಆಕೆಗೆ ತಡವಾಗಿ ಬರುತ್ತಿದ್ದವು. ನಿತ್ಯ ಹತ್ತು ವಾಕ್ಯ ಕೈಯಿಂದ ಬರೆದು ಆಡಿಟರಿಗೆ ತೋರಿಸಿದಳು.

ತಾಯಿಯವರ ಪಾತ್ರವನ್ನು ಹೇಳದಿದ್ದರೆ ಅನ್ಯಾಯವಾದೀತು. ನಾಗರ ಪಂಚಮಿ, ಶ್ರಾವಣದ ಪುರಾಣ, ಗಣೇಶ ಚತುರ್ಥಿ ಎಲ್ಲವೂ ಆ ಎರಡು ತಿಂಗಳಲ್ಲಿಯೇ ಬಂದವು. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಉಂಡಿ ಕಟ್ಟುವುದಕ್ಕೆ ನಾಲ್ಕು ದಿನ ಬೇಕು. ಆ ತಾಯಿ ಮಗಳನ್ನು ಅಡುಗೆಮನೆಗೆ ಕರೆಯಲಿಲ್ಲ. ಬಂದ ನೆಂಟರು “ಬಿದ್ದಾಕಿಗೆ ಎಂಥಾ ಉಪಚಾರ” ಎಂದಾಗ “ಎದ್ದಾಕಿಗೆ ಯಾರ್ ಬೇಕಾದ್ರೂ ಮಾಡ್ತಾರ” ಎಂದರಂತೆ.

ನಮ್ಮ ಸಮಾಜವನ್ನು ಕುರಿತು ಇಲ್ಲಿ ಒಂದು ಮಾತು. ಓದುವ ಮಕ್ಕಳಿಗೆ ಅನ್ನ, ವಸತಿ ಕೊಟ್ಟ ಪರಂಪರೆ ನಮ್ಮದು. ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ ಪ್ರಸಾದ ಉಂಡು ಓದಿದವರಿಗೆ ಲೆಕ್ಕವಿಲ್ಲ. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ಶಿಕ್ಷಣಕ್ಕೆ ಬಿಟ್ಟು ಹೋದರು. ಆದರೆ ಇಂದಿನ ಪ್ರತಿಭಾ ಪುರಸ್ಕಾರಗಳು ಶೇಕಡಾವಾರು ಕೇಳಿ ಶಾಲು ಹೊದಿಸುತ್ತವೆ. 2025ರ ಮೇ ತಿಂಗಳಿನಲ್ಲಿ ಮಧ್ಯಮದ ಪ್ರಥಮ ಗುಂಪನ್ನು ಬರೆದವರಲ್ಲಿ ಉತ್ತೀರ್ಣರಾದವರು ನೂರಕ್ಕೆ ಸುಮಾರು ಹದಿನೈದು ಮಂದಿ. ಉಳಿದ ಎಂಬತ್ತೈದು ಮಂದಿಯಲ್ಲಿ ನಮ್ಮ ಮಕ್ಕಳೂ ಇದ್ದರು. ಎರಡನೆಯ ಬಾರಿಗೆ ಕೂರುವವರ ಪರೀಕ್ಷಾ ಶುಲ್ಕವನ್ನು ಕಟ್ಟುವ ಒಂದು ನಿಧಿಯನ್ನು ನಮ್ಮ ಸಂಘಗಳು ಏಕೆ ತೆರೆಯಬಾರದು? ಕರಣಿಕರಾಗಿ ಆರಂಭಿಸಿ ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ಪರಂಪರೆಯವರಿಗೆ ಲೆಕ್ಕದ ಕಾಯಕವೇನೂ ಹೊರಗಿನದಲ್ಲ.

ಸೆಪ್ಟೆಂಬರ್ 3ರ ರಾತ್ರಿ ಹತ್ತೂವರೆಗೆ ನಮ್ಮ ದೂರವಾಣಿ ಬಾರಿಸಿತು. ಆ ಸಂಜೆ ಜಿ.ಎಸ್.ಟಿ. ಮಂಡಳಿಯು ತೆರಿಗೆಯ ದರಗಳನ್ನೇ ಬದಲಾಯಿಸಿತ್ತು. 12 ಮತ್ತು 28ರ ದರಗಳನ್ನು ತೆಗೆದು, ಬಹುತೇಕ ವಸ್ತುಗಳನ್ನು 5 ಮತ್ತು 18ಕ್ಕೆ ತಂದು, ಕೆಲವಕ್ಕೆ ಮಾತ್ರ 40 ಎಂದು ನಿರ್ಣಯಿಸಿತ್ತು. ಪರೀಕ್ಷೆಗೆ ಕೆಲವೇ ದಿನಗಳಿದ್ದವು. “ಎಲ್ಲಾ ಬದಲಾತ್ರಿ” ಎಂದು ಆಕೆ ಅಳುತ್ತಿದ್ದಳು. ಸಂಸ್ಥೆಯ ಆ ಒಂದು ಪುಟವನ್ನು ತೆಗೆದು ಓದೆಂದೆವು. ಅಧಿಸೂಚನೆಗಳ ಗಡುವಿನ ದಿನಾಂಕವನ್ನು ಗಟ್ಟಿಯಾಗಿ ಓದಿದಳು, ಅದು ಎಷ್ಟೋ ತಿಂಗಳು ಹಿಂದಿನದು. ಹೊಸ ದರಗಳು ಜಾರಿಗೆ ಬರುವುದೇ ಸೆಪ್ಟೆಂಬರ್ 22ರಿಂದ ಎಂದು ಆಡಿಟರೂ ಹೇಳಿದರು. ಮರುದಿನ ಮನೆಗೆ ವೃತ್ತಪತ್ರಿಕೆ ಹಾಕಬೇಡವೆಂದು ತಂದೆಯವರು ಹುಡುಗನಿಗೆ ಹೇಳಿ ಬಂದರಂತೆ, ಪರೀಕ್ಷೆ ಮುಗಿಯುವವರೆಗೆ.

ನವೆಂಬರಿನ ಮೊದಲ ವಾರ ಫಲಿತಾಂಶ ಬಂತು. ಕಾನೂನಿನಲ್ಲಿ 48, ತೆರಿಗೆಯಲ್ಲಿ 47. ಹಿಂದಿನ 61 ಸೇರಿ 156. ಕಾನೂನಿನಲ್ಲಿ ನಾಲ್ಕು ಅಂಕ ಇಳಿದಿತ್ತು, ಸಂಜೆಯ ಒಂದೂವರೆ ಗಂಟೆಯನ್ನು ಬಿಡದಿದ್ದರೂ. ತಂದೆಯವರು ಪೇಡೆಯ ಡಬ್ಬಿ ಹಿಡಿದು ಬಂದರು. ಮಗಳು ಬಂದಿರಲಿಲ್ಲ, ದ್ವಿತೀಯ ಗುಂಪಿನ ಪುಸ್ತಕಗಳಿಗಾಗಿ ಹುಬ್ಬಳ್ಳಿಗೆ ಹೋಗಿದ್ದಳು. ಈ ಸಲ ಪುಸ್ತಕ ಯಾವ ಪರೀಕ್ಷೆಗೆ ಸಲ್ಲುವುದೆಂದು ಮುಖಪುಟದಲ್ಲಿಯೇ ನೋಡಿ ತರುವಳಂತೆ. ಆಕೆ ಅಂತಿಮ ಪರೀಕ್ಷೆಗೆ ತಲುಪುವ ಹೊತ್ತಿಗೆ ಈಗ ಓದಿದ 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ, 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರಚಿತವಾದ 2025ರ ಕಾಯ್ದೆ ಎದುರಾಗುವುದೆಂದು ಆಡಿಟರು ಎಚ್ಚರಿಸಿದರು. ಅದರ 536 ಕಲಮುಗಳನ್ನು ತಾವೂ ಈಗ ಹೊಸದಾಗಿ ಓದಲು ಕುಳಿತಿರುವರಂತೆ.