ಟಿಎಸ್‌ಎಚ್ ನಾರ್ಮಲ್ ಬಂತು ಅಂತ ಥೈರಾಯ್ಡ್ ಮಾತ್ರೆ ಬಿಡಬಹುದಾ? ಆಪರೇಷನ್ ಆದವರು ತಿಳಿದಿರಬೇಕಾದ ಲೆಕ್ಕ

ಯಾವುದಾದರೂ ಮೆಡಿಕಲ್ ಸ್ಟೋರ್ ಕೌಂಟರ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತೆ: "ರಿಪೋರ್ಟ್ ನಾರ್ಮಲ್ ಬಂದಿದೆ, ಈ ತಿಂಗಳು ಥೈರಾಯ್ಡ್ ಮಾತ್ರೆ ಬೇಡ ಬಿಡಿ." ಹೀಗೆ ಹೇಳುವವರಲ್ಲಿ ಕೆಲವರ ಕತ್ತಿನ ಮುಂಭಾಗದಲ್ಲಿ ಅಡ್ಡಕ್ಕೆ ಒಂದು ಸಣ್ಣ ಗಾಯದ ಗೆರೆ ಇರುತ್ತೆ. ಅಂದರೆ ಥೈರಾಯ್ಡ್ ಗ್ರಂಥಿಯನ್ನೇ ತೆಗೆಸಿಕೊಂಡವರು. ಅವರ ರಿಪೋರ್ಟ್ ನಾರ್ಮಲ್ ಬಂದಿರುವುದು ಕಾಯಿಲೆ ವಾಸಿಯಾಯಿತು ಅಂತಲ್ಲ, ದಿನಾ ನುಂಗುತ್ತಿರುವ ಮಾತ್ರೆಯ ಅಳತೆ ಸರಿಯಾಗಿದೆ ಅಂತ. ಇವೆರಡರ ನಡುವಿನ ವ್ಯತ್ಯಾಸ ಯಾರೂ ಬಿಡಿಸಿ ಹೇಳದೇ ಇರೋದರಿಂದಲೇ ಎಷ್ಟೋ ಜನ ಮಾತ್ರೆ ನಿಲ್ಲಿಸಿ, ಎರಡು ಮೂರು ತಿಂಗಳಾದ ಮೇಲೆ ಕೈಕಾಲು ಊದಿಸಿಕೊಂಡು ಮತ್ತೆ ಆಸ್ಪತ್ರೆ ಹತ್ತುತ್ತಾರೆ.

ಮೊದಲು ಒಂದು ಸಣ್ಣ ಲೆಕ್ಕ. ಕತ್ತಿನ ಮುಂದೆ ಚಿಟ್ಟೆ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿ ಟಿ4, ಟಿ3 ಎಂಬ ಹಾರ್ಮೋನ್ ತಯಾರಿಸುತ್ತೆ. ಹೃದಯದ ಬಡಿತ, ಮೈ ಬಿಸಿ, ಜೀರ್ಣ, ಮುಟ್ಟು, ನಿದ್ದೆ ಎಲ್ಲದರ ವೇಗ ಇದರ ಕೈಯಲ್ಲಿ. ಟಿಎಸ್‌ಎಚ್ ಮಾತ್ರ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಅದು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಹಾಕುವ ಕೂಗು. ಅಂಗಡಿಯಲ್ಲಿ ಸರಕು ಕಡಿಮೆಯಾದರೆ ಯಜಮಾನ ಗೋಡೌನ್ ಕಡೆ ತಿರುಗಿ ಜೋರಾಗಿ ಕೂಗ್ತಾನೆ, ಸರಕು ತುಂಬಿ ತುಳುಕುತ್ತಿದ್ದರೆ ಸುಮ್ಮನಾಗ್ತಾನೆ. ಹಾಗೇ ಹಾರ್ಮೋನ್ ಕಡಿಮೆಯಾದರೆ ಟಿಎಸ್‌ಎಚ್ ಏರುತ್ತೆ, ಹಾರ್ಮೋನ್ ಜಾಸ್ತಿಯಾದರೆ ಇಳಿಯುತ್ತೆ. "ನನಗೆ ಥೈರಾಯ್ಡ್ ಜಾಸ್ತಿ ಆಗಿದೆ, 12 ಬಂದಿದೆ" ಅನ್ನುವವರಿಗೆ ನಿಜವಾಗಿ ಕಡಿಮೆಯಾಗಿರುತ್ತೆ!

ನಿಲ್ಲಿಸಿದ ತಕ್ಷಣ ಏನೂ ಆಗಲ್ಲ, ಮೋಸ ಇರೋದೇ ಅಲ್ಲಿ

ಮಾತ್ರೆಯಲ್ಲಿರುವುದು ಲೆವೊಥೈರಾಕ್ಸಿನ್, ಅಂದರೆ ಟಿ4. ಇದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಇವತ್ತು ಬಿಟ್ಟರೆ ಒಂದು ವಾರದ ಮೇಲೂ ಅರ್ಧ ಸ್ಟಾಕ್ ಇರುತ್ತೆ, ಎರಡು ವಾರದ ಮೇಲೆ ಕಾಲು ಭಾಗ. ಆದ್ದರಿಂದ ಮೊದಲ ದಿನಗಳಲ್ಲಿ ಯಾವ ತೊಂದರೆಯೂ ಕಾಣಲ್ಲ. "ನೋಡಿ, ಬಿಟ್ಟೆ, ಏನೂ ಆಗಲಿಲ್ಲ" ಅನ್ನುವ ಧೈರ್ಯ ಹುಟ್ಟೋದು ಆಗಲೇ. ಆಮೇಲೆ ಒಂದೊಂದೇ ಶುರು: ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಚರ್ಮ ಒರಟಾಗುವುದು, ಕೂದಲು ಉದುರುವುದು, ಮುಖ ಊದುವುದು, ದನಿ ದಪ್ಪವಾಗುವುದು, ಹೆಂಗಸರಿಗೆ ಮುಟ್ಟಿನಲ್ಲಿ ಜಾಸ್ತಿ ರಕ್ತಸ್ರಾವ. ಗ್ರಂಥಿಯೇ ಇಲ್ಲದವರು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಮೈ ತಣ್ಣಗಾಗಿ, ಮಂಪರು ಹತ್ತಿ, ಪ್ರಜ್ಞೆ ತಪ್ಪುವ ಹಂತಕ್ಕೂ ಹೋಗಬಹುದು. ಅದು ಜೀವಕ್ಕೇ ಅಪಾಯ.

ಇದನ್ನು ಮೊದಲು ಕಣ್ಣಾರೆ ಕಂಡು ಬರೆದವರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಸರ್ಜನ್ ಥಿಯೋಡೋರ್ ಕೋಖರ್ ಒಬ್ಬರು. ಗಳಗಂಡದ ಆಪರೇಷನ್‌ನಲ್ಲಿ ಅವರಷ್ಟು ಪಳಗಿದವರು ಆ ಕಾಲದಲ್ಲಿ ಇರಲಿಲ್ಲ. ಗ್ರಂಥಿಯನ್ನು ಪೂರ್ತಿ ತೆಗೆದವರನ್ನು ವಾಪಸ್ ಕರೆಸಿ ನೋಡಿದಾಗ ಅವರು ಮಂಕಾಗಿ, ಊದಿಕೊಂಡಿದ್ದರು. 1883ರಲ್ಲಿ ಕೋಖರ್ ಇದನ್ನು ಪ್ರಕಟಿಸಿದರು. 1909ರಲ್ಲಿ ಥೈರಾಯ್ಡ್ ಕೆಲಸಕ್ಕೇ ಅವರಿಗೆ ನೊಬೆಲ್ ಬಂತು. ಆ ರೋಗಿಗಳಿಗೆ ಕೊಡಲು ಮಾತ್ರೆ ಇರಲಿಲ್ಲ. ನಮ್ಮ ತಾಲ್ಲೂಕಿನ ಮೆಡಿಕಲ್ ಸ್ಟೋರಿನಲ್ಲಿ ಇವತ್ತು ಅದು ಸಿಗುತ್ತೆ. ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ, ಬೆಲೆಯೂ ದೊಡ್ಡದಲ್ಲ.

ಯಾರಿಗೆ ಎಷ್ಟು?

ಪಕ್ಕದ ಮನೆಯವರ ಡೋಸ್ ನೋಡಿ ನಿಮ್ಮದನ್ನು ಅಳೆಯಬೇಡಿ. ಗ್ರಂಥಿ ಪೂರ್ತಿ ತೆಗೆದ ವಯಸ್ಕರಿಗೆ ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕೆಜಿಗೆ 1.6 ಮೈಕ್ರೋಗ್ರಾಂ ಆಸುಪಾಸು ಬೇಕಾಗುತ್ತೆ. 60 ಕೆಜಿ ತೂಗುವವರಿಗೆ ಹತ್ತಿರ ಹತ್ತಿರ 100 ಮೈಕ್ರೋಗ್ರಾಂ. ವಯಸ್ಸಾದವರು, ಹೃದಯದ ತೊಂದರೆ ಇರುವವರಿಗೆ ಡಾಕ್ಟರು ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಿಸ್ತಾರೆ. ಅರ್ಧ ಗ್ರಂಥಿ ಮಾತ್ರ ತೆಗೆದಿದ್ದರೆ ಉಳಿದರ್ಧವೇ ಕೆಲಸ ನಿಭಾಯಿಸಬಹುದು, ನಿಭಾಯಿಸದೆಯೂ ಇರಬಹುದು. ಆರೆಂಟು ವಾರಕ್ಕೆ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತೆ.

ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದವರಿಗೆ, ಅಂದರೆ ಗ್ರೇವ್ಸ್ ಕಾಯಿಲೆಯವರಿಗೆ, ರೇಡಿಯೋ ಅಯೋಡಿನ್ ಕೊಡುವುದುಂಟು. ಅಯೋಡಿನ್-131 ಕ್ಯಾಪ್ಸೂಲ್ ಅಥವಾ ದ್ರವ ಕುಡಿಸಿದರೆ ಅದು ಥೈರಾಯ್ಡ್‌ಗೆ ಹೋಗಿ ಸೇರಿ ಜೀವಕೋಶಗಳನ್ನು ಒಳಗಿಂದಲೇ ಸುಡುತ್ತೆ. ಕೆಲವು ದಿನ ಮಕ್ಕಳು, ಗರ್ಭಿಣಿಯರಿಂದ ದೂರ ಇರಬೇಕು, ಹೆಂಗಸರು ಕನಿಷ್ಠ 6 ತಿಂಗಳು ಗರ್ಭ ಧರಿಸಬಾರದು. ಇದಾದ ಮೇಲೆ ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳಲ್ಲಿ ಹಾರ್ಮೋನ್ ಕಡಿಮೆಯಾಗುತ್ತೆ, ಕೆಲವರಿಗೆ ವರ್ಷಗಳ ನಂತರ. ಈಗ ಚೆನ್ನಾಗಿದ್ದೀನಿ ಅಂತ ವರ್ಷಕ್ಕೊಮ್ಮೆಯ ಟೆಸ್ಟ್ ಬಿಡುವ ಹಾಗಿಲ್ಲ. ಒಂದು ಸೂಕ್ಷ್ಮ ಇದೆ. ಬಹಳ ದಿನ ಹಾರ್ಮೋನ್ ಜಾಸ್ತಿ ಇದ್ದವರಲ್ಲಿ ಸುಮ್ಮನಾಗಿದ್ದ ಪಿಟ್ಯುಟರಿ ಮತ್ತೆ ಕೂಗಲು ತಿಂಗಳುಗಳೇ ಬೇಕಾಗಬಹುದು. ಹಾರ್ಮೋನ್ ಇಳಿದಿದ್ದರೂ ಟಿಎಸ್‌ಎಚ್ ಕಡಿಮೆಯೇ ತೋರಿಸುತ್ತೆ. ಆಗ ಟಿಎಸ್‌ಎಚ್ ಒಂದನ್ನೇ ನಂಬದೆ ಫ್ರೀ ಟಿ4 ಕೂಡ ಮಾಡಿಸಬೇಕು.

ಗ್ರೇವ್ಸ್‌ಗೆ ಆಪರೇಷನ್, ಅಯೋಡಿನ್ ಯಾವುದೂ ಇಲ್ಲದೆ ಕಾರ್ಬಿಮಜೋಲ್ ಮಾತ್ರೆಯಲ್ಲೇ ಇರುವವರು ಒಂದು ವಿಷಯ ನೆನಪಿಡಬೇಕು. ಜ್ವರ, ಗಂಟಲು ನೋವು, ಬಾಯಿ ಹುಣ್ಣು ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಆ ಮಾತ್ರೆಯಿಂದ ಅಪರೂಪಕ್ಕೆ ಬಿಳಿ ರಕ್ತಕಣ ಕುಸಿಯುತ್ತೆ. ಕಾರ್ಬಿಮಜೋಲ್ ನಿಲ್ಲಿಸಿ ಅದೇ ದಿನ ಡಾಕ್ಟರ ಹತ್ತಿರ ಹೋಗಿ ರಕ್ತಕಣ ಎಣಿಸಬೇಕು.

ಇನ್ನು ಕ್ಯಾನ್ಸರ್‌ಗೆ ಆಪರೇಷನ್ ಆದವರ ವಿಷಯ. ಗೊಂದಲ ಜಾಸ್ತಿ ಇರೋದು ಇಲ್ಲೇ. ಥೈರಾಯ್ಡ್ ಕ್ಯಾನ್ಸರ್‌ನ ಸಾಮಾನ್ಯ ವಿಧಗಳಲ್ಲಿ ಟಿಎಸ್‌ಎಚ್ ಕೂಗು ಉಳಿದ ಕ್ಯಾನ್ಸರ್ ಕೋಶಗಳನ್ನೂ ಬೆಳೆಸಬಹುದು. ಅದಕ್ಕೇ ಅಪಾಯ ಹೆಚ್ಚಿರುವವರಿಗೆ ದೊಡ್ಡಾಸ್ಪತ್ರೆಯ ಡಾಕ್ಟರು ಬೇಕಂತಲೇ ಡೋಸ್ ಸ್ವಲ್ಪ ಜಾಸ್ತಿ ಇಟ್ಟು ಟಿಎಸ್‌ಎಚ್ ಅನ್ನು 0.1ಕ್ಕಿಂತ ಕೆಳಗೆ ಒತ್ತಿ ಹಿಡಿದಿರುತ್ತಾರೆ. ಲ್ಯಾಬ್ ರಿಪೋರ್ಟಿನಲ್ಲಿ ನಾರ್ಮಲ್ ಅಂದರೆ ಸುಮಾರು 0.4ರಿಂದ 4. ಹಾಗಾಗಿ 0.08 ಅಂತ ದಪ್ಪ ಅಕ್ಷರದಲ್ಲಿ ಬರುತ್ತೆ. ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಆಪರೇಷನ್ ಆಗಿರುತ್ತೆ, ರಿಪೋರ್ಟ್ ತೋರಿಸೋದು ಇಲ್ಲಿ ಹತ್ತಿರದ ಕ್ಲಿನಿಕ್ಕಿಗೆ. ಹಿನ್ನೆಲೆ ಹೇಳದಿದ್ದರೆ ಇಲ್ಲಿನ ಡಾಕ್ಟರು ಡೋಸ್ ಇಳಿಸಿಬಿಡ್ತಾರೆ. ಅವರದೂ ತಪ್ಪಲ್ಲ, ಕಾಗದದ ಮೇಲೆ ಕಾಣೋದು ಅಷ್ಟೇ. "ಕ್ಯಾನ್ಸರ್ ಆಪರೇಷನ್ ಆಗಿದೆ, ಟಿಎಸ್‌ಎಚ್ ಎಷ್ಟಿರಬೇಕು ಅಂತ ಅಲ್ಲಿ ಹೇಳಿದಾರೆ" ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಹಾಗಂತ ಕಡಿಮೆ ಟಿಎಸ್‌ಎಚ್ ಜೀವನವಿಡೀ ಬೇಕು ಅಂತಲೂ ಅಲ್ಲ. ಅಪಾಯ ಕಮ್ಮಿಯಾದಂತೆ ಗುರಿಯನ್ನು ಸಡಿಲಿಸುತ್ತಾರೆ, ಯಾಕೆಂದರೆ ಹಾರ್ಮೋನ್ ಜಾಸ್ತಿಯಾಗಿ ವರ್ಷಗಟ್ಟಲೆ ಉಳಿದರೆ ಹೃದಯ ಬಡಿತ ತಾಳ ತಪ್ಪುತ್ತೆ, ಮೂಳೆ ಸವೆಯುತ್ತೆ. ಮುಟ್ಟು ನಿಂತ ಹೆಂಗಸರಿಗೆ ಇದು ಮುಖ್ಯ. ಎದೆ ಡವಡವ, ಕೈ ನಡುಕ, ಬೆವರು, ನಿದ್ದೆ ಬಾರದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಡೋಸ್ ಜಾಸ್ತಿಯಾಗಿರಬಹುದು, ತೋರಿಸಿ.

ಕಾಫಿಗೂ ಮಾತ್ರೆಗೂ ಜಗಳ

ಬೆಳಗ್ಗೆ ಐದಕ್ಕೆ ಎದ್ದು, ಮುಖ ತೊಳೆದು, ಕಾಫಿ ಕುಡಿದು ಅಂಗಡಿ ಶಟರ್ ಎತ್ತುವವರಿಗೆ ಈ ಮಾತ್ರೆ ನಿಜಕ್ಕೂ ತಲೆನೋವು. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಬೇಕು, ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ಟೀ, ಹಾಲು, ತಿಂಡಿ ಏನೂ ಇರಬಾರದು. ಕಾಫಿ ಜೊತೆಗೇ ನುಂಗಿದರೆ ಮಾತ್ರೆ ಪೂರ್ತಿ ಮೈಗೆ ಹತ್ತಲ್ಲ. ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯದ ಎಷ್ಟೋ ಪ್ರಕರಣಗಳಲ್ಲಿ ಕಾರಣ ಹುಡುಕಿದರೆ ಸಿಗೋದು ಇಂಥದ್ದೇ. ಹಾಲಿನ ಡೇರಿಗೆ ಹೋಗುವವರು ಹೊರಡುವ ಮುಂಚೆ ನುಂಗಿದರೆ ವಾಪಸ್ ಬರುವಷ್ಟರಲ್ಲಿ ಹೊತ್ತು ಕಳೆದಿರುತ್ತೆ. ಬೆಳಗ್ಗೆ ಆಗೋದೇ ಇಲ್ಲ ಅನ್ನುವವರು ಡಾಕ್ಟರನ್ನು ಕೇಳಿ ರಾತ್ರಿಗೆ ಬದಲಾಯಿಸಬಹುದು. ಊಟವಾಗಿ ಮೂರು ಗಂಟೆ ಕಳೆದಿರಬೇಕು ಅಷ್ಟೇ. ರಂಜಾನ್ ಉಪವಾಸ ಇರುವವರಿಗೂ ಇದೇ ಅನುಕೂಲ. ಏಕಾದಶಿಗೆ ಮಾತ್ರೆ ಬಿಡಬೇಕಿಲ್ಲ, ಅದು ನೀರಿನಲ್ಲೇ ಹೋಗುತ್ತೆ.

ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್ ಇವಕ್ಕೂ ಥೈರಾಯ್ಡ್ ಮಾತ್ರೆಗೂ 4 ಗಂಟೆ ಅಂತರ ಬೇಕು. ಆಪರೇಷನ್ ಆದವರಲ್ಲಿ ಬಹಳ ಜನ ಕ್ಯಾಲ್ಸಿಯಂ ಕೂಡ ತಗೊಳ್ತಿರುತ್ತಾರೆ, ಎರಡನ್ನೂ ಒಂದೇ ಅಂಗೈಯಲ್ಲಿ ಹಾಕಿಕೊಂಡು ನುಂಗ್ತಾರೆ. ಬೆಳಗ್ಗೆ ಥೈರಾಯ್ಡ್, ಮಧ್ಯಾಹ್ನ ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ ಅಂತ ಇಟ್ಟುಕೊಂಡರೆ ಆಯ್ತು. ನಮ್ಮ ರಾಗಿಯಲ್ಲೂ ಕ್ಯಾಲ್ಸಿಯಂ ಚೆನ್ನಾಗಿದೆ, ಹಾಗಾಗಿ ಬೆಳಗಿನ ರಾಗಿ ಅಂಬಲಿಗೂ ಒಂದು ಗಂಟೆ ಕಾಯಿರಿ. ರಾಗಿ ಬಿಡಬೇಕಿಲ್ಲ.

ಕ್ಯಾಲ್ಸಿಯಂ ಮಾತು ಬಂದಿದ್ದಕ್ಕೆ ಇನ್ನೊಂದು. ಥೈರಾಯ್ಡ್ ಹಿಂದೆ ಅಂಟಿಕೊಂಡಂತೆ ನಾಲ್ಕು ಪುಟಾಣಿ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ, ರಕ್ತದ ಕ್ಯಾಲ್ಸಿಯಂ ಕಾಯೋದು ಅವು. ಪೂರ್ತಿ ಆಪರೇಷನ್‌ನಲ್ಲಿ ಅವಕ್ಕೆ ಪೆಟ್ಟಾಗಬಹುದು. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಕೈ ಸೆಟೆದುಕೊಳ್ಳುವುದು ಕಂಡರೆ "ಗ್ಯಾಸ್" ಅಂತ ಸೋಡಾ ಕುಡಿಯುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಆಗಿದೆ ಅಂತ ಮೊದಲ ಮಾತಿಗೇ ಹೇಳಿ.

ಎಲೆಕೋಸು, ಹೂಕೋಸು ತಿನ್ನಬಾರದಂತೆ? ಅವು ತೊಂದರೆ ಕೊಡೋದಿದ್ದರೂ ಥೈರಾಯ್ಡ್ ಗ್ರಂಥಿಗೆ. ಗ್ರಂಥಿಯೇ ಇಲ್ಲದ ಮೇಲೆ ಕೋಸು ಏನು ಮಾಡೀತು? ಪಲ್ಯ ಮಾಡಿಕೊಂಡು ತಿನ್ನಿ. ಅದೇ ರೀತಿ ತೆಗೆದು ಹಾಕಿದ ಗ್ರಂಥಿಯನ್ನು ಮತ್ತೆ ಚಿಗುರಿಸುವ ಬೇರು, ಕಷಾಯ ಯಾವುದೂ ಇಲ್ಲ. "ಮೂರು ತಿಂಗಳಲ್ಲಿ ಥೈರಾಯ್ಡ್ ಮಾತ್ರೆ ಬಿಡಿಸ್ತೀವಿ" ಅನ್ನುವವರಿಗೆ ಕತ್ತಿನ ಗೆರೆ ತೋರಿಸಿ, ಏನಂತಾರೆ ಕೇಳಿ.

ಡಬ್ಬಿ, ಬ್ರ್ಯಾಂಡ್, ಟೆಸ್ಟ್

ಮಾತ್ರೆ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತೆ. 12.5, 25, 50, 75, 88, 100, 112, 125 ಹೀಗೆ ಬೇರೆ ಬೇರೆ. 25ಕ್ಕೂ 125ಕ್ಕೂ ಐದು ಪಟ್ಟು ವ್ಯತ್ಯಾಸ, ಆದ್ದರಿಂದ ಡಬ್ಬಿ ಮೇಲಿನ ಅಂಕಿಯನ್ನು ಓದಿಯೇ ತಗೊಳ್ಳಿ, ಬಣ್ಣ ನೋಡಿ ಅಲ್ಲ. ಹಳೇ ಚೀಟಿಯಲ್ಲಿ 0.1 ಮಿಲಿಗ್ರಾಂ ಅಂತಿದ್ದರೆ ಅದು 100 ಮೈಕ್ರೋಗ್ರಾಂ. ನೂರರದ್ದು ಖಾಲಿಯಾಗಿ ಅದೇ ಕಂಪನಿಯ ಐವತ್ತರದ್ದು ಎರಡು ಕೊಟ್ಟರೆ ಪರವಾಗಿಲ್ಲ. ಥೈರೋನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್, ಜೆನೆರಿಕ್ ಯಾವುದಾದರೂ ಸರಿ, ಆದರೆ ಒಂದಕ್ಕೇ ಅಂಟಿಕೊಳ್ಳಿ. ಬದಲಾಯಿಸಲೇಬೇಕಾದರೆ ಡಾಕ್ಟರಿಗೆ ತಿಳಿಸಿ, ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಈ ಮಾತ್ರೆಗೆ ಬಿಸಿ, ತೇವ, ಬೆಳಕು ಆಗಲ್ಲ. ಏಪ್ರಿಲ್ ಬಿಸಿಲಲ್ಲಿ ಶೀಟ್ ಮನೆಯ ಮಾಡಿನ ಕೆಳಗೆ, ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ. ಕಂಪನಿ ಡಬ್ಬಿಯಲ್ಲೇ ಮುಚ್ಚಳ ಬಿಗಿ ಮಾಡಿ ತಂಪು ಜಾಗದಲ್ಲಿಡಿ.

ಒಂದು ದಿನ ಮರೆತರೆ ಗಾಬರಿ ಬೇಡ. ಅದೇ ದಿನ ನೆನಪಾದರೆ ಹೊಟ್ಟೆ ಖಾಲಿ ಇದ್ದಾಗ ತಗೊಳ್ಳಿ. ಮರುದಿನ ಎರಡು ನುಂಗುವ ತೀರ್ಮಾನ ನಿಮ್ಮಷ್ಟಕ್ಕೇ ಬೇಡ, ಹೃದಯದ ತೊಂದರೆ ಇರುವವರಂತೂ ಬೇಡವೇ ಬೇಡ.

ಡೋಸ್ ಬದಲಾದ ಮೇಲೆ ಹದಿನೈದು ದಿನಕ್ಕೇ ಟೆಸ್ಟ್ ಮಾಡಿಸುವುದು ದುಡ್ಡು ದಂಡ. ರಕ್ತದಲ್ಲಿ ಹೊಸ ಮಟ್ಟ ನಿಲ್ಲಲು 6 ವಾರವಾದರೂ ಬೇಕು. ಡೋಸ್ ಒಂದು ಹದಕ್ಕೆ ಬಂದ ಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಾಕು. ಟೆಸ್ಟ್ ದಿನ ರಕ್ತ ಕೊಟ್ಟು ಆಮೇಲೆ ಮಾತ್ರೆ ನುಂಗಿ. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುವವರು ಎರಡು ಮೂರು ದಿನ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ರಿಪೋರ್ಟ್ ಅಡ್ಡಾದಿಡ್ಡಿ ಬರಬಹುದು. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಕೆಲವು ಮಾತ್ರೆ, ಗರ್ಭನಿರೋಧಕ ಗುಳಿಗೆ, ದೀರ್ಘಕಾಲದ ಪ್ಯಾಂಟೊಪ್ರಜೋಲ್ ಇವು ಶುರುವಾದರೂ ನಿಂತರೂ ಥೈರಾಯ್ಡ್ ಡೋಸ್ ಏರುಪೇರಾಗುತ್ತೆ, ಡಾಕ್ಟರಿಗೆ ಹೇಳಿ.

ಕೊನೆಗೆ, ಗರ್ಭಿಣಿಯಾದವರು. "ಮಗುವಿಗೆ ತೊಂದರೆ" ಅಂತ ಅತ್ತೆಯೋ ಅಕ್ಕಪಕ್ಕದವರೋ ಮಾತ್ರೆ ನಿಲ್ಲಿಸುವುದುಂಟು. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ. ಮುಟ್ಟು ತಪ್ಪಿ ಗರ್ಭ ಖಚಿತವಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಡೋಸನ್ನು ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚೇ ಏರಿಸಬೇಕಾಗುತ್ತೆ, ಗರ್ಭದ ಅರ್ಧ ಅವಧಿವರೆಗೆ ನಾಲ್ಕು ವಾರಕ್ಕೊಮ್ಮೆ ಟೆಸ್ಟ್. ಹೆರಿಗೆಯಾದ ಮೇಲೆ ಡೋಸ್ ಹಳೇ ಅಳತೆಗೆ ವಾಪಸ್, ಎದೆಹಾಲು ಕೊಡಲು ಯಾವ ಅಡ್ಡಿಯೂ ಇಲ್ಲ. ಆಪರೇಷನ್ ಆದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡಿದ್ದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಡ್ಯೂಟಿಯಲ್ಲಿದ್ದರೂ ಮೊದಲಿನಿಂದ ಕಥೆ ಹೇಳುವ ಕೆಲಸ ತಪ್ಪುತ್ತೆ.