ಸತ್ಕಾರದ ಹಿಂದಿನ ಲೆಕ್ಕ



ನಮ್ಮ ಕೋಪರಖೈರಣೆಯಲ್ಲಿ ತರಕಾರಿ ಮಾರುವವನು ಚೀಲ ತುಂಬಿದ ಮೇಲೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ಪುಕ್ಕಟೆಯಾಗಿ ಹಾಕುತ್ತಾನೆ. ನಾಳೆಯೂ ನಾವು ಅವನ ಹತ್ತಿರವೇ ಬರಲಿ ಎಂಬುದು ಅವನ ಆಸೆ. ಅದರಲ್ಲಿ ತಪ್ಪೇನಿಲ್ಲ, ಕೊಟ್ಟ ದುಡ್ಡಿಗೆ ತರಕಾರಿಯಂತೂ ಮನೆಗೆ ಬಂದಿರುತ್ತದೆ. ಸೂಪರ್ ಮಾರ್ಕೆಟ್ಟಿನ ಪಾಯಿಂಟ್ ಕಾರ್ಡು ಇದೇ ಕೊತ್ತಂಬರಿಯ ದೊಡ್ಡ ರೂಪ. ಆದರೆ ಮಾರುವ ಸರಕು ಜೂಜೇ ಆದಾಗ?

ಮಹಾಪೆ, ಐರೋಲಿಯ ಕಚೇರಿಗಳಲ್ಲಿ ಮೊದಮೊದಲ ಸಂಬಳ ಎಣಿಸುತ್ತಿರುವ ನಿಮಗೆ ಈ ಪ್ರಶ್ನೆ ದೂರದ್ದಲ್ಲ. ಮಹಾರಾಷ್ಟ್ರದಲ್ಲಿ 1976ರಲ್ಲೇ ಕ್ಯಾಸಿನೋ ಕಾಯ್ದೆ ರಚನೆಯಾಗಿದ್ದರೂ ಅದು ಜಾರಿಗೆ ಬರಲೇ ಇಲ್ಲ. 2023ರಲ್ಲಿ ಅದನ್ನು ರದ್ದುಗೊಳಿಸಲಾಯಿತು. ಆದರೆ ಪನ್ವೇಲಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಗೋವಾ. ಅಲ್ಲಿ 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ, 1996ರ ತಿದ್ದುಪಡಿ ನೀರಿನ ಮೇಲಿನ ಹಡಗುಗಳಲ್ಲಿ ಜೂಜಿಗೆ ದಾರಿ ಮಾಡಿಕೊಟ್ಟವು. ಪಣಜಿಯ ಮಾಂಡೋವಿ ನದಿಯಲ್ಲಿ ರಾತ್ರಿ ಝಗಝಗಿಸುವ ಹಡಗುಗಳು ಇವೇ. 2020ರ ಫೆಬ್ರವರಿಯಲ್ಲಿ ಗೋವಾ ಸರಕಾರ ಅಲ್ಲಿ ಜೂಜಾಡದಂತೆ ತನ್ನ ಜನರನ್ನೇ ನಿರ್ಬಂಧಿಸಿತು. ಮನೆಯವರಿಗೆ ಬೇಡವಾದ ಅಡುಗೆಯನ್ನು ನೆಂಟರಿಗೆ ಬಡಿಸಿದ ಹಾಗಾಯಿತು. ಆ ನೆಂಟರು ಮುಂಬಯಿ, ಬೆಂಗಳೂರು, ಬೆಳಗಾವಿಯಿಂದ ಹೋಗುವ ನಾವೇ!

ಪ್ರವೇಶದ ಹಣದಲ್ಲೇ ಊಟ, ಪಾನೀಯ, ಒಂದಿಷ್ಟು ಆಟದ ಬಿಲ್ಲೆಗಳೂ ಸೇರಿರುತ್ತವೆ. ಪದೇ ಪದೇ ಬರುವವರಿಗೆ ಸದಸ್ಯತ್ವದ ಕಾರ್ಡು, ಉಚಿತ ಕೋಣೆ, ಹುಟ್ಟುಹಬ್ಬಕ್ಕೆ ಫೋನು, ಹೆಸರು ಹಿಡಿದು ಮಾತಾಡಿಸುವ ಆತಿಥೇಯರು. ಕ್ಯಾಸಿನೋಗಳು ಜಗತ್ತಿನಾದ್ಯಂತ ಪಾಲಿಸುವ ಪದ್ಧತಿಯಿದು. ಇಷ್ಟು ಉಪಚಾರ ಯಾರ ದುಡ್ಡಿನಲ್ಲಿ? ನೀವೇ ಲೆಕ್ಕ ಹಾಕಿ ನೋಡಿ.

ಯುರೋಪಿಯನ್ ರೂಲೆಟ್ ಚಕ್ರದಲ್ಲಿ 37 ಮನೆಗಳಿವೆ. ಎಲ್ಲ ಮನೆಗಳ ಮೇಲೂ ನೂರು ನೂರು ರೂಪಾಯಿ ಇಟ್ಟರೆ ಖರ್ಚು 3700. ಗೆದ್ದ ಮನೆಯಿಂದ ವಾಪಸು ಬರುವುದು 3600. ಅಂದರೆ ಸುಮಾರು ಶೇಕಡಾ 2.7 ಯಜಮಾನನ ಪಾಲು. ಒಂದು ಸಲಕ್ಕೆ 500 ರೂಪಾಯಿಯಂತೆ ಗಂಟೆಗೆ 40 ಸಲ, ನಾಲ್ಕು ಗಂಟೆ ಆಡಿದಿರಿ ಎನ್ನೋಣ. ಒಟ್ಟು ಪಣ 80,000. ಸರಾಸರಿ ನಷ್ಟ 2160. ಕ್ಯಾಸಿನೋದವರು ಉಡುಗೊರೆ ನಿರ್ಧರಿಸುವುದು ಈ ಸೂತ್ರದಿಂದಲೇ: ಪಣದ ಮೊತ್ತ, ಆಟದ ವೇಗ, ಕೂತ ಹೊತ್ತು, ಮನೆಯ ಪಾಲು. ಆ ದಿನ ನೀವು ಗೆದ್ದಿದ್ದರೂ ಚಿಂತೆಯಿಲ್ಲ, ಮತ್ತೆ ಮತ್ತೆ ಬಂದರೆ ಸರಾಸರಿ ತಾನಾಗಿ ಕೂಡಿಬರುತ್ತದೆ. ಆ 2160ರಲ್ಲಿ ಕಾಲು ಭಾಗ, 540 ರೂಪಾಯಿಯ ಊಟ ಹಾಕಿದರೂ ಅವರಿಗೆ ಲಾಭವೇ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?

ಇದನ್ನು ಶಾಸ್ತ್ರವಾಗಿಯೇ ಬೆಳೆಸಿದ್ದು ಅಮೆರಿಕದ ಹರಾಸ್ ಕಂಪನಿ. 1997ರಲ್ಲಿ ಅದು ಗಿರಾಕಿಗಳಿಗೆ ಕಾರ್ಡು ಕೊಟ್ಟು ಅವರ ಆಟವನ್ನೆಲ್ಲ ಕಂಪ್ಯೂಟರಿನಲ್ಲಿ ದಾಖಲಿಸತೊಡಗಿತು. 1998ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಗ್ಯಾರಿ ಲವ್‌ಮನ್ ಅಲ್ಲಿಗೆ ಬಂದರು. ಶೇಕಡಾ 26ರಷ್ಟು ಗಿರಾಕಿಗಳಿಂದಲೇ ಶೇಕಡಾ 82ರಷ್ಟು ಆದಾಯ ಬರುತ್ತಿದೆ ಎಂದು ದಾಖಲೆಗಳು ತೋರಿಸಿದವು. ಅವರೇನು ಕೋಟ್ಯಧೀಶರಲ್ಲ. ನಿವೃತ್ತ ಶಿಕ್ಷಕರು, ವೈದ್ಯರು, ಬ್ಯಾಂಕಿನವರು, ಯಂತ್ರ ನಡೆಸುವವರು. ನಮ್ಮ ನಿಮ್ಮಂಥ ಮಧ್ಯಮ ವರ್ಗ! ದೊಡ್ಡ ಕುಳಕ್ಕಿಂತ, ಮರಳಿ ಮರಳಿ ಬರುವ ಸಾಧಾರಣ ಮನುಷ್ಯನೇ ಬಂಗಾರ ಎಂದು ಕಂಪನಿಗೆ ಮನವರಿಕೆಯಾಯಿತು.

ಇದು ತೀರಾ ಹೊಸ ವಿದ್ಯೆಯೂ ಅಲ್ಲ. ಹಸ್ತಿನಾವತಿಗೆ ಧರ್ಮರಾಯನನ್ನು ಜೂಜಿಗೆ ಕರೆಯಲು ಹೋದವನು ಶಕುನಿಯಲ್ಲ, ಪಾಂಡವರಿಗೆ ಅತ್ಯಂತ ಪ್ರಿಯನಾದ ವಿದುರ. ಕರೆ ಪ್ರೀತಿಯವರ ಬಾಯಿಂದ ಬಂದರೆ ಇಲ್ಲವೆನ್ನುವುದು ಕಷ್ಟ. ಸೋತದ್ದೆಲ್ಲ ಮರಳಿ ದೊರೆತು ಊರಿಗೆ ಹೊರಟವನನ್ನು ದಾರಿಯಿಂದಲೇ ಮತ್ತೆ ಕರೆಸಿದರು, ಅವನು ಮತ್ತೆ ಹೋದ. ಆಮೇಲಿನದು ವನವಾಸ. ಇಂದು ವಿದುರನ ಕೆಲಸವನ್ನು ಮೊಬೈಲು ಮಾಡುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಕಾಯ್ದೆ ಬಂದರೂ ಎಚ್ಚರ ನಮ್ಮದೇ ಇರಬೇಕು.

ಗೋವೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಮಂಗೇಶಿ ದೇವಸ್ಥಾನ ನೋಡಿ, ಸಮುದ್ರ ನೋಡಿ. ಗೆಳೆಯರ ಒತ್ತಾಯಕ್ಕೆ ಹಡಗು ಹತ್ತಿದರೂ ಕಳೆದುಕೊಳ್ಳಲು ಸಿದ್ಧವಿರುವ ಮೊತ್ತವಷ್ಟೇ ಜೇಬಿನಲ್ಲಿರಲಿ, ಬ್ಯಾಂಕಿನ ಕಾರ್ಡು ಕೋಣೆಯಲ್ಲಿರಲಿ. ಪಾಯಿಂಟು ತುಂಬಲೆಂದು ಇನ್ನೊಂದು ಗಂಟೆ ಕೂರಬೇಡಿ. ಮುಂದಿನ ಕರೆಗಳು ಬಾರದಿರಲು ನಿಮ್ಮ ನಂಬರನ್ನೇ ಕೊಡಬೇಡಿ. ಗೆಳೆಯರಲ್ಲಿ ಯಾರಾದರೂ ಸೋತದ್ದನ್ನು ಮರಳಿ ಗೆಲ್ಲಲು ಸಾಲ ಕೇಳಿದರೆ ಹಣ ಕೊಡುವ ಬದಲು ಪಕ್ಕದಲ್ಲಿ ಕೂತು ಮಾತಾಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅವರಿಂದ ಫೋನು ಮಾಡಿಸಿ.

ನಿಮ್ಮಲ್ಲಿ ಕೆಲವರು ನಾಳೆ ಇಂಥ ಕಾರ್ಡುಗಳ ಸಾಫ್ಟ್‌ವೇರನ್ನೇ ಬರೆಯಬಹುದು. ಗಿರಾಕಿಯನ್ನು ಮತ್ತೆ ಕರೆತರುವ ಉಪಾಯ ಹುಡುಕುವಾಗ, ಆತ ಮನೆಗೆ ಏನು ಕೊಂಡೊಯ್ಯುತ್ತಾನೆ ಎಂದು ಒಮ್ಮೆ ಕೇಳಿಕೊಳ್ಳಿ. ವ್ಯಾಪಾರಕ್ಕೂ ಬೇಟೆಗೂ ಇರುವ ವ್ಯತ್ಯಾಸ ಅಷ್ಟೇ.