ಬಾಣಂತಿಯ ಬಾಯಿ, ಮಗುವಿನ ಹಲ್ಲು

ಮೂಡುಬಿದಿರೆಗೆ ಸಮೀಪದ ಪುತ್ತಿಗೆ, ಒಂದು ಕಾಲಕ್ಕೆ ಚೌಟ ಅರಸರ ನೆಲೆಯಾಗಿದ್ದು, ಇಂದಿಗೂ ಮಹತೋಭಾರ ಸೋಮನಾಥೇಶ್ವರನ ಸನ್ನಿಧಿಯಿಂದ ಹೆಸರಾದ ಗ್ರಾಮ. ಅಲ್ಲಿಯೂ, ಅಲ್ಲಿಂದ ವೇಣೂರು, ಸಿದ್ಧಕಟ್ಟೆಗಳ ತನಕ ಹಬ್ಬಿರುವ ಅಡಕೆತೋಟಗಳ ಸೀಮೆಯಲ್ಲಿಯೂ ಬಾಣಂತನವೆಂಬುದು ಮನೆಯ ಹಿರಿಯ ಹೆಂಗಸರ ಅಧಿಕಾರಕ್ಕೆ ಒಳಪಟ್ಟ ವಿಧಿ. ಹೆರಿಗೆ ಈಗ ಆಸ್ಪತ್ರೆಯಲ್ಲಿ ಆಗುತ್ತದೆ, ನಿಜ. ಆದರೆ ಆಸ್ಪತ್ರೆಯಿಂದ ತವರಿಗೆ ಮರಳಿದ ಮಗಳನ್ನು ಹಂಡೆಯಲ್ಲಿ ಕಾದ ನೀರಿನಿಂದ ಮೀಯಿಸಿ, ಮೈಗೆ ಎಣ್ಣೆಯನ್ನು ತಿಕ್ಕಿ, ಸೊಂಟಕ್ಕೆ ಬಟ್ಟೆಯನ್ನು ಬಿಗಿದು, ಓಲೆಬೆಲ್ಲವನ್ನು ಹಾಕಿ ಕಾಸಿದ ಮದ್ದನ್ನೂ ಮೆಂತೆಯ ಗಂಜಿಯನ್ನೂ ಕರಿಮೆಣಸಿನ ಸಾರನ್ನೂ ಹೊತ್ತುಹೊತ್ತಿಗೆ ಉಣಿಸಿ, ನಲವತ್ತು ದಿನಗಳವರೆಗೆ ಥಂಡಿಗಾಳಿ ಸೋಕದಂತೆ ಕಾಪಾಡುವ ವಾತ್ಸಲ್ಯ ಇಂದಿಗೂ ಅಳಿದಿಲ್ಲ. ನೆತ್ತಿಯಿಂದ ಅಂಗಾಲಿನವರೆಗೆ ಪ್ರತಿಯೊಂದು ಅವಯವಕ್ಕೂ ಒಂದೊಂದು ಉಪಚಾರವನ್ನು ಕಲ್ಪಿಸಿದ ಈ ಪದ್ಧತಿಯಲ್ಲಿ ಬಾಯಿಯ ಪಾಲಿಗೆ ಬಂದುದು ಬಹುಮಟ್ಟಿಗೆ ನಿಷೇಧಗಳೇ ಎಂಬುದು ವಿಚಾರಾರ್ಹವಾದ ಸಂಗತಿ.

ತಣ್ಣೀರು ಹಲ್ಲಿಗೆ ತಾಗಬಾರದು. ಬ್ರಶ್ಶಿನಿಂದ ಉಜ್ಜಿದರೆ ಹಸಿಬಾಣಂತಿಯ ಹಲ್ಲು ಸಡಿಲವಾಗುತ್ತದೆ. ಹಲ್ಲು ನೋವೆಂದರೆ ಲವಂಗವನ್ನೋ ಉಪ್ಪನ್ನೋ ಒತ್ತಿಟ್ಟುಕೊಂಡು ಸಹಿಸಬೇಕೇ ಹೊರತು ಎದೆಹಾಲು ಕೊಡುವವಳು ದಂತವೈದ್ಯರ ಕುರ್ಚಿಯನ್ನು ಏರಕೂಡದು. ಇವೆಲ್ಲಕ್ಕೂ ಮೇಲೆ, ಮಗುವೊಂದು ಹುಟ್ಟಿದರೆ ತಾಯಿಗೆ ಹಲ್ಲೊಂದು ಹೋಗುವುದು ಸಹಜವೆಂಬ ಸಮಾಧಾನದ ಮಾತು. ಇದನ್ನೆಲ್ಲ ಅಜ್ಞಾನವೆಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ. ನಮ್ಮ ಅಜ್ಜಿಯಂದಿರು ನಾಲ್ಕೈದು ಹೆರಿಗೆಗಳ ತರುವಾಯ ಹೆಂಗಸರ ಒಸಡು ಸೋತು ಹಲ್ಲು ಅಲುಗಾಡಿದುದನ್ನು ಕಣ್ಣಾರೆ ಕಂಡೇ ಈ ಮಾತನ್ನು ಆಡಿದವರು. ಅವರು ಕಂಡ ಕಾರ್ಯ ಸತ್ಯವಾದುದು; ಅದಕ್ಕೆ ಕಲ್ಪಿಸಿದ ಕಾರಣ ಮಾತ್ರ ಸರಿಯಾದುದಲ್ಲ. ಕಾರಣ ತಪ್ಪಾದುದರಿಂದಲೇ, ನಿವಾರಿಸಬಹುದಾಗಿದ್ದ ಒಂದು ನಷ್ಟವನ್ನು ಹೆಣ್ಣಿನ ಹಣೆಬರಹವೆಂದು ತಲೆಮಾರುಗಳಿಂದ ಸ್ವೀಕರಿಸಿಕೊಂಡು ಬರುವಂತಾಯಿತು.

ಹೊಟ್ಟೆಯಲ್ಲಿರುವ ಮಗು ತಾಯಿಯ ಹಲ್ಲಿನ ಸುಣ್ಣವನ್ನು ಹೀರಿಕೊಳ್ಳುತ್ತದೆಂಬುದು ವಿದ್ಯಾವಂತರೂ ನಂಬಿರುವ ವಿಚಾರ. ಆದರೆ ಒಮ್ಮೆ ಗಟ್ಟಿಯಾಗಿ ಮೂಡಿದ ಹಲ್ಲಿನಿಂದ ರಕ್ತಕ್ಕೆ ಕ್ಯಾಲ್ಸಿಯಂ ಹಿಂದಿರುಗುವ ದಾರಿಯೇ ಇಲ್ಲ. ಮಗುವಿಗೆ ಬೇಕಾದುದನ್ನು ತಾಯಿ ಉಂಡ ಆಹಾರದಿಂದ, ಅದು ಸಾಲದಾದಾಗ ಅವಳ ಎಲುಬಿನಿಂದ ಶರೀರವು ಒದಗಿಸಿಕೊಳ್ಳುತ್ತದೆ. ಹಾಲುಣಿಸುವ ಅವಧಿಯಲ್ಲಿ ತಾಯಿಯ ಎಲುಬಿನ ಸಾಂದ್ರತೆ ಶೇಕಡಾ 3ರಿಂದ 5ರಷ್ಟು ತಗ್ಗಿ, ಹಾಲು ಬಿಡಿಸಿದ ಕೆಲವು ತಿಂಗಳುಗಳಲ್ಲಿ ಮತ್ತೆ ತುಂಬಿಕೊಳ್ಳುವುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಗರ್ಭದ ನಾಲ್ಕನೆಯ ತಿಂಗಳಿನಿಂದ ಹೆರಿಗೆಯ ಆರು ತಿಂಗಳ ತನಕ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆ ಈ ಕೊರತೆಗಾಗಿಯೇ. ಅದನ್ನು ಡಬ್ಬಿಯಲ್ಲಿ ಉಳಿಸದೆ ಸೇವಿಸತಕ್ಕದ್ದು.

ಹಾಗಾದರೆ ಹಲ್ಲು ಕೆಡುವುದೇಕೆ? ಗರ್ಭಕಾಲದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ರಸದೂತಗಳ ಪ್ರಮಾಣ ಏರಿ, ಒಸಡಿನ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ಹಲ್ಲಿನ ಬುಡದಲ್ಲಿ ಕುಳಿತ ಕಿಟ್ಟಕ್ಕೆ ಎಂದಿಗಿಂತ ತೀವ್ರವಾಗಿ ಪ್ರತಿಕ್ರಿಯೆ ತೋರುತ್ತವೆ. ಆರೋಗ್ಯವಂತ ಒಸಡು ತಿಳಿಗೆಂಪಾಗಿ, ಬಿಗಿಯಾಗಿ, ಹಲ್ಲಿಗೆ ಅಂಟಿಕೊಂಡಿರುವುದು. ಕೆರಳಿದ ಒಸಡು ಕಡುಗೆಂಪಾಗಿ, ನುಣುಪಾಗಿ, ಎರಡು ಹಲ್ಲುಗಳ ನಡುವಣ ತುದಿಯಲ್ಲಿ ಉಬ್ಬಿಕೊಂಡು, ಮುಟ್ಟಿದ ಮಾತ್ರಕ್ಕೆ ನೆತ್ತರನ್ನು ಒಸರುವುದು. ಗರ್ಭಿಣಿಯರಲ್ಲಿ ಶೇಕಡಾ 60ರಿಂದ 75ರಷ್ಟು ಮಂದಿಗೆ ಈ ಒಸಡಿನುರಿ ಉಂಟಾಗುವುದೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರ ತಿಳಿಸುತ್ತದೆ. ಕೆಲವರ ಒಸಡಿನಲ್ಲಿ ಕೆಂಪು ಗುಳ್ಳೆಯಂತಹ ಸಣ್ಣ ಗಡ್ಡೆಯೊಂದು ಬೆಳೆಯುವುದೂ ಉಂಟು. ನೋಡಿದವರು ಅರ್ಬುದವೆಂದು ಹೆದರುತ್ತಾರೆ, ಆದರೆ ಅದು ನಿರಪಾಯಕರ, ಹೆರಿಗೆಯ ಬಳಿಕ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಅನರ್ಥವಾಗುವುದು ಮುಂದಿನ ಹೆಜ್ಜೆಯಲ್ಲಿ. ಉಜ್ಜಿದಾಗ ರಕ್ತ ಕಂಡವಳು ಉಜ್ಜುವುದನ್ನೇ ಬಿಡುತ್ತಾಳೆ. ಬಿಟ್ಟುದರಿಂದ ಕಿಟ್ಟ ಹೆಚ್ಚುತ್ತದೆ. ಕಿಟ್ಟ ಹೆಚ್ಚಿದುದರಿಂದ ರಕ್ತವೂ ಹೆಚ್ಚುತ್ತದೆ. ಬಾಣಂತನದಲ್ಲಿ ಬ್ರಶ್ಶಿಗೆ ವಿಧಿಸಿದ ನಿಷೇಧ, ಈಗಾಗಲೇ ತಿಂಗಳುಗಟ್ಟಲೆ ಕೆರಳಿದ್ದ ಆ ಒಸಡಿನ ಮೇಲೆ ಮತ್ತೆ ನಲವತ್ತು ದಿನಗಳ ಕಿಟ್ಟವನ್ನು ಹೇರುತ್ತದೆ. ರಕ್ತ ಬರುವ ಒಸಡಿಗೆ ಬೇಕಾದುದು ಮೃದುವಾದ ಎಳೆಗಳ ಬ್ರಶ್ಶಿನಿಂದ ದಿನಕ್ಕೆರಡು ಸಲ, ಹಲ್ಲು ಒಸಡು ಸೇರುವ ಅಂಚಿನಲ್ಲಿಯೇ ಮೆಲ್ಲನೆ ಉಜ್ಜುವುದು. ವಾರವೆರಡರಲ್ಲಿ ನೆತ್ತರು ಕಡಿಮೆಯಾಗುವುದನ್ನು ಆಕೆಯೇ ಕಾಣುವಳು. ತಣ್ಣೀರಿನ ಭಯವಿದ್ದರೆ ಬೆಚ್ಚಗಿನ ನೀರನ್ನು ಕೊಡಲಿ; ಈ ಒಂದು ಕಟ್ಟಳೆಯೊಡನೆ ವೈದ್ಯಶಾಸ್ತ್ರಕ್ಕೆ ಯಾವ ವಿರೋಧವೂ ಇಲ್ಲ.

ಮೊದಲ ತಿಂಗಳುಗಳ ವಾಂತಿಯೂ ಹಲ್ಲಿಗೆ ಶತ್ರು. ಜಠರದ ಆಮ್ಲ ಹಲ್ಲಿನ ಎನಾಮಲನ್ನು ಮೆತ್ತಗಾಗಿಸುವುದರಿಂದ, ವಾಂತಿಯಾದ ಕೂಡಲೆ ಉಜ್ಜದೆ, ಅಡಿಗೆ ಸೋಡದ ಚಿಟಿಕೆ ಬೆರೆಸಿದ ನೀರಿನಿಂದ ಮುಕ್ಕಳಿಸಿ, ಅರ್ಧ ಗಂಟೆಯ ಮೇಲೆ ಉಜ್ಜುವುದು ಲೇಸು. ಬಾಣಂತಿಯ ಮದ್ದು, ಲೇಹ್ಯಗಳ ವಿಚಾರವೂ ಹೀಗೆಯೇ. ಅವುಗಳನ್ನು ಬಿಡಬೇಕೆಂದು ನಾನು ಹೇಳುವವನಲ್ಲ; ಆದರೆ ಬೆಲ್ಲದ ಪಾಕವು ಹಲ್ಲಿನ ಸಂದಿಯಲ್ಲಿ ಅಂಟಿ, ದಿನಕ್ಕೆ ಐದಾರು ಸಲ ನೆಕ್ಕಿದಾಗ ಐದಾರು ಸಲವೂ ಬಾಯಿಯ ಕ್ರಿಮಿಗಳಿಗೆ ಆಹಾರವಾಗಿ, ಅವು ಆಮ್ಲವನ್ನು ಉತ್ಪಾದಿಸುತ್ತವೆ. ಸಿಹಿಯ ಪ್ರಮಾಣದಷ್ಟೇ ಅದು ಬಾಯಿಗೆ ಬೀಳುವ ಸಲಗಳೂ ಮುಖ್ಯವಾದುದರಿಂದ, ಊಟದ ಹೊತ್ತಿಗೇ ಮದ್ದನ್ನೂ ಕೊಟ್ಟು, ಅನಂತರ ಬಾಯಿ ಮುಕ್ಕಳಿಸುವಂತೆ ಮಾಡಿದರೆ ಸಂಪ್ರದಾಯವೂ ಉಳಿಯಿತು, ಹಲ್ಲೂ ಉಳಿಯಿತು. ಚರಕಸಂಹಿತೆಯೇ ದಂತಧಾವನವನ್ನು ದಿನಕ್ಕೆರಡು ಬಾರಿ ವಿಧಿಸಿರುವಾಗ, ಹಲ್ಲುಜ್ಜುವುದನ್ನು ಹೊಸ ಕಾಲದ ಷೋಕಿಯೆಂದು ಯಾವ ಹಿರಿಯರೂ ಆಕ್ಷೇಪಿಸಬೇಕಾಗಿಲ್ಲ. ಉಮಿಕರಿಯೂ ಮಾವಿನೆಲೆಯೂ ನಮ್ಮ ಕರಾವಳಿಯ ಹಳೆಯ ಸಾಧನಗಳೇ. ಆದರೆ ತರಿತರಿಯಾದ ಉಮಿಕರಿ ಕಾಲಕ್ರಮದಲ್ಲಿ ಎನಾಮಲನ್ನು ಸವೆಸುತ್ತದೆ, ಫ್ಲೋರೈಡ್ ಪೇಸ್ಟಿನ ರಕ್ಷಣೆಯನ್ನೂ ನೀಡದು.

ಊಟದ ಮೇಲಿನ ವೀಳ್ಯದ ವಿಷಯದಲ್ಲಿ ಸಂಕೋಚಪಡದೆ ನುಡಿಯಬೇಕಾಗಿದೆ. ಅಡಕೆ ಈ ಸೀಮೆಯ ಜೀವನಾಧಾರ. ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಂಗಸರ ಮನೆಗಳಲ್ಲಿ ಹೊಗೆಸೊಪ್ಪು ಕೈಗೆಟಕುವ ವಸ್ತು. ಆದರೂ ಹೊಗೆಸೊಪ್ಪು ಹಾಕದ ಬರಿಯ ಅಡಕೆಯ ಸೇವನೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆ ನಿರ್ಣಯಿಸಿದೆ. ಗರ್ಭಿಣಿಗೂ ಬಾಣಂತಿಗೂ ಜೀರ್ಣವಾಗಲೆಂದು ವೀಳ್ಯವನ್ನು ಮಡಚಿ ಕೊಡುವ ಕೈ ಪ್ರೀತಿಯ ಕೈಯೇ ಆದರೂ, ಅದು ಕೊಡಬಾರದ ವಸ್ತು.

ಇನ್ನು ಮಗುವಿನ ಕಡೆಗೆ ಬರೋಣ. ಹಾಲುಹಲ್ಲಿನ ಮೊಳಕೆ ಗರ್ಭದ ಆರನೆಯ ವಾರದ ಸುಮಾರಿಗೇ ಮೂಡಿ, ನಾಲ್ಕನೆಯ ತಿಂಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಹುಟ್ಟುವ ಮಗುವಿನ ಬೋಳು ಬಾಯಿಯೊಳಗೆ ಇಪ್ಪತ್ತು ಹಲ್ಲುಗಳೂ ಆಗಲೇ ಅಡಗಿರುತ್ತವೆ. ಗರ್ಭಿಣಿಗೆ ಟೆಟ್ರಾಸೈಕ್ಲಿನ್ ಜಾತಿಯ ಔಷಧ ಸಲ್ಲದೆಂಬುದು ಇದಕ್ಕಾಗಿಯೇ. ಅದು ರೂಪುಗೊಳ್ಳುತ್ತಿರುವ ಹಲ್ಲಿಗೆ ಮಾಸದ ಕಲೆಯನ್ನು ಹತ್ತಿಸುತ್ತದೆ. ಆದರೆ ಹುಳುಕು ಮಾತ್ರ ಹುಟ್ಟಿನಿಂದ ಬರುವುದಲ್ಲ. 1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕಿನ ಹಲ್ಲುಗಳಿಂದ ಬೇರ್ಪಡಿಸಿದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಕ್ರಿಮಿ, ಎಳೆಯ ಶಿಶುವಿಗೆ ಬಹುತೇಕ ತಾಯಿಯ ಎಂಜಲಿನಿಂದಲೇ ದಾಟುತ್ತದೆ. ಸುಮಾರು 19ರಿಂದ 31 ತಿಂಗಳ ನಡುವೆ ಅದು ಮಗುವಿನ ಬಾಯಲ್ಲಿ ನೆಲೆಯೂರುವುದು ಅಧಿಕವೆಂದು 1993ರಲ್ಲಿ ಪೇಜ್ ಕಾಫೀಲ್ಡ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅದಕ್ಕೂ ಮೊದಲು, 1980ರ ದಶಕದಲ್ಲಿ, ಸ್ವೀಡನ್ನಿನ ಬಿರ್ಗಿಟ್ಟಾ ಕೋಹ್ಲರ್ ಮತ್ತು ಸಹೋದ್ಯೋಗಿಗಳು ಚೊಚ್ಚಲ ತಾಯಂದಿರ ಬಾಯಿಗೆ ಚಿಕಿತ್ಸೆ ಮಾಡಿ ಅವರ ಕ್ರಿಮಿಭಾರವನ್ನು ಇಳಿಸಿದಾಗ, ಮಕ್ಕಳಿಗೆ ಆ ಕ್ರಿಮಿ ತಡವಾಗಿ ತಗಲಿ, ಹುಳುಕೂ ಕಡಿಮೆಯಾದುದನ್ನು ಕಂಡರು. ತಾಯಿಯ ಹುಳುಕು ಹಲ್ಲನ್ನು ತುಂಬಿಸುವುದು ಮಗುವಿಗೆ ಮಾಡುವ ಮೊದಲನೆಯ ದಂತಚಿಕಿತ್ಸೆಯೆಂದು ಇದರಿಂದ ಸಿದ್ಧಪಟ್ಟಿತು.

ನಮ್ಮಲ್ಲಿ ರಾಗಿ ಮಣ್ಣಿಯನ್ನು ಬೇಯಿಸಿದ ತಾಯಿಯೋ ಅಜ್ಜಿಯೋ ಬಿಸಿ ನೋಡಲೆಂದು ಚಮಚವನ್ನು ತನ್ನ ತುಟಿಗೆ ಸೋಕಿಸಿ, ಅದೇ ಚಮಚದಿಂದ ಮಗುವಿಗೆ ಉಣಿಸುತ್ತಾಳೆ. ಇದು ಎಷ್ಟು ಸಹಜವಾದ ಕ್ರಿಯೆಯೆಂದರೆ, ಮಾಡುವವರಿಗೆ ತಾವು ಮಾಡಿದುದರ ಅರಿವೂ ಇರುವುದಿಲ್ಲ. ಬಿಸಿಯನ್ನು ಮಣಿಕಟ್ಟಿನ ಮೇಲೆ ಒಂದು ಹನಿಯಿಟ್ಟು ನೋಡಬಹುದು. ಚಮಚ ಬೇರೆ ಇರಲಿ. ಹಾಗೆಂದು ಮಗುವನ್ನು ಮುದ್ದಿಸಬಾರದೆಂದಾಗಲಿ, ಎದೆಹಾಲಿಗೆ ದೋಷವುಂಟೆಂದಾಗಲಿ ಯಾರೂ ಭಾವಿಸಬಾರದು. ಎಂಜಲಿನ ದಾರಿಯನ್ನು ಸಂಪೂರ್ಣ ಮುಚ್ಚಲಾಗದ ಕಾರಣ, ತಾಯಿಯ ಬಾಯಿಯೇ ಶುದ್ಧವಾಗಿರುವಂತೆ ನೋಡಿಕೊಳ್ಳುವುದು ನಿಜವಾದ ಉಪಾಯ.

ಹಲ್ಲು ಬರುವ ಮುಂಚೆ, ಹಾಲು ಕುಡಿದ ಮೇಲೆ, ಶುಭ್ರವಾದ ತೆಳುಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ತೋರುಬೆರಳಿಗೆ ಸುತ್ತಿ ವಸಡನ್ನು ಒರಸುವುದು ಸಾಕು. ಸುಮಾರು ಆರನೆಯ ತಿಂಗಳಲ್ಲಿ ಮೊದಲ ಹಲ್ಲು ತೋರಿದಂದಿನಿಂದ ಮಗುವಿನ ಪುಟ್ಟ ಬ್ರಶ್ಶು ಬೇಕು. ಮೂರು ವರ್ಷದ ತನಕ ಪೇಸ್ಟು ಅಕ್ಕಿಕಾಳಿನಷ್ಟು. ವರ್ಷ ತುಂಬುವುದರೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸುವುದು ಉತ್ತಮ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ: ನಿದ್ದೆಯಲ್ಲಿ ಜೊಲ್ಲು ಒಸರುವುದು ತಗ್ಗುವುದರಿಂದ ಆ ಸಿಹಿ ರಾತ್ರಿಯಿಡೀ ಮೇಲಿನ ಮುಂಬಲ್ಲುಗಳನ್ನು ಸುತ್ತಿ ನಿಲ್ಲುತ್ತದೆ. ಜೇನನ್ನಂತೂ ವರ್ಷ ತುಂಬುವ ತನಕ ನೆಕ್ಕಿಸಲೇಬಾರದು. ಅದು ಹಲ್ಲಿನ ಮಾತಲ್ಲ, ಪ್ರಾಣದ ಮಾತು, ಬಾಟುಲಿಸಂ ಎಂಬ ವಿಷರೋಗದ ಭಯವಿದೆ. ವಾರಕ್ಕೊಮ್ಮೆ ಬೆಳಕಿನೆದುರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೇಲ್ದುಟಿಯನ್ನು ಎತ್ತಿ ನೋಡಬೇಕು. ವಸಡಿನ ಅಂಚಿನುದ್ದಕ್ಕೂ ಸೀಮೆಸುಣ್ಣದಲ್ಲಿ ಎಳೆದಂತೆ ಬಿಳಿಯ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಚಿಹ್ನೆ; ಆ ಹಂತದಲ್ಲಿ ಫ್ಲೋರೈಡ್ ಲೇಪದಿಂದ ಅದನ್ನು ತಡೆಯಬಹುದು, ಕಂದುಬಣ್ಣಕ್ಕೆ ತಿರುಗಿ ಗುಳಿಬಿದ್ದ ಮೇಲೆ ಸಾಧ್ಯವಿಲ್ಲ. ಹೇಗೂ ಬಿದ್ದುಹೋಗುವ ಹಲ್ಲಲ್ಲವೆ ಎಂದು ಉದಾಸೀನ ಮಾಡುವವರು, ಹಿಂದಿನ ಹಾಲುದವಡೆಹಲ್ಲುಗಳು ಹತ್ತು ಹನ್ನೆರಡನೆಯ ವಯಸ್ಸಿನ ತನಕ ಇರಬೇಕಾದುವೆಂಬುದನ್ನು ಯೋಚಿಸಲಿ.

ಹಲ್ಲು ಮೂಡುವುದನ್ನು ಕುರಿತು ಕಾಶ್ಯಪಸಂಹಿತೆಯಲ್ಲಿ ದಂತಜನ್ಮಿಕವೆಂಬ ಅಧ್ಯಾಯವೇ ಇದೆ. ಶಕುನದ ನಂಬಿಕೆಗಳೂ ಅಷ್ಟೇ ಪುರಾತನವಾದುವು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡೆಂಬ ಭೀತಿ, ಅಳಿಯಸಂತಾನದ ಕುಟುಂಬಗಳಲ್ಲಿ ಮಾವನೇ ಯಜಮಾನನಾಗಿದ್ದ ಈ ನಾಡಿನಲ್ಲಿ ಸಣ್ಣದಾಗಿರಲಾರದು. ಹಲ್ಲಿನ ಕ್ರಮ ಮಗುವಿನಿಂದ ಮಗುವಿಗೆ ವ್ಯತ್ಯಾಸವಾಗುವುದು ಪ್ರಕೃತಿಯ ಧರ್ಮ, ಯಾರ ಆಯುಷ್ಯಕ್ಕೂ ಅದರ ಸಂಬಂಧವಿಲ್ಲ. ಇದಕ್ಕಿಂತ ಹಾನಿಕರವಾದುದು, ಜ್ವರ ಭೇದಿಗಳನ್ನು ಹಲ್ಲು ಬರುವ ಲಕ್ಷಣವೆಂದು ಬಗೆದು ಸುಮ್ಮನಿರುವುದು. ಹಲ್ಲು ಮೂಡುವಾಗ ಜೊಲ್ಲು, ಕಿರಿಕಿರಿ, ಅಲ್ಪ ತಾಪ ಸಹಜ. ಕಡುಜ್ವರವಾಗಲಿ ಭೇದಿಯಾಗಲಿ ಕಂಡರೆ ವೈದ್ಯರಿಗೆ ತೋರಿಸದೆ ಇರಕೂಡದು.

ಚಿಕಿತ್ಸೆಯ ಭಯಕ್ಕೂ ಆಧಾರವಿಲ್ಲ. ಅಮೆರಿಕದಲ್ಲಿ 823 ಗರ್ಭಿಣಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಸಡಿನ ಚಿಕಿತ್ಸೆಯಿಂದ ಅವಧಿಪೂರ್ವ ಹೆರಿಗೆಗಳು ಕಡಿಮೆಯಾಗಲಿಲ್ಲವಾದರೂ, ಚಿಕಿತ್ಸೆ ಸುರಕ್ಷಿತವೆಂಬುದೂ ಒಸಡು ಸುಧಾರಿಸಿತೆಂಬುದೂ ಸ್ಪಷ್ಟವಾಯಿತು. ಗರ್ಭದ ನಾಲ್ಕರಿಂದ ಆರನೆಯ ತಿಂಗಳು ಅನುಕೂಲವಾದ ಕಾಲ. ನೋವು ಬಾವುಗಳಿದ್ದರೆ ಯಾವ ತಿಂಗಳಲ್ಲಿಯೂ ತಡಮಾಡಬಾರದು. ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ಸೂಜಿಮದ್ದು, ಪ್ಯಾರಸಿಟಮಾಲ್, ಅಮಾಕ್ಸಿಸಿಲಿನ್‌ಗಳನ್ನು ವೈದ್ಯರ ಸಲಹೆಯಂತೆ ಹಾಲುಣಿಸುವ ತಾಯಿ ತೆಗೆದುಕೊಳ್ಳಬಹುದು. ಅದಕ್ಕಾಗಿ ಎದೆಹಾಲನ್ನು ನಿಲ್ಲಿಸಬೇಕಾಗಿಲ್ಲ.

ದಂತವೈದ್ಯ ವಿದ್ಯೆಗೆ ನಮ್ಮ ಕರಾವಳಿಯಲ್ಲಿ ಬಡತನವಿಲ್ಲ. 1965ರಲ್ಲಿ ಮಣಿಪಾಲದಲ್ಲಿ ಕಾಲೇಜು ತೆರೆಯಿತು. 1985ರಲ್ಲಿ ದೇರಳಕಟ್ಟೆಯಲ್ಲಿ ಎ. ಬಿ. ಶೆಟ್ಟಿ ಸ್ಮಾರಕ ಸಂಸ್ಥೆ, ಬಳಿಕ ಮಂಗಳೂರು ಸುಳ್ಯಗಳಲ್ಲಿ ಮತ್ತೆ ಕೆಲವು ಹುಟ್ಟಿಕೊಂಡವು. ಕೊರತೆಯಿರುವುದು ಮನೆಬಾಗಿಲಿನ ಮಾತಿನಲ್ಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬಂದು ತೂಕವನ್ನೂ ಹೊಕ್ಕುಳನ್ನೂ ಜ್ವರವನ್ನೂ ವಿಚಾರಿಸುತ್ತಾಳೆ. ಆ ಆರು ಭೇಟಿಗಳಲ್ಲಿ ಒಂದರಲ್ಲಾದರೂ ಒಸಡಿನ ವಿಚಾರ ಬರಬೇಕು. ಬರುವಾಗ ಬಾಣಂತಿಯ ಕಿವಿಗಷ್ಟೇ ಬಿದ್ದರೆ ಸಾಲದು, ಏಕೆಂದರೆ ಆ ನಲವತ್ತು ದಿನ ಆಕೆ ಏನು ಮಾಡಬೇಕೆಂಬುದನ್ನು ನಿಶ್ಚಯಿಸುವವಳು ಅವಳ ತಾಯಿ ಅಥವಾ ಅಜ್ಜಿ. ಅರಿವನ್ನು ಹರಡಬೇಕೆನ್ನುವವರು ಎಳೆಯ ತಾಯಂದಿರನ್ನು ಮಾತ್ರ ಕೂರಿಸಿ ಉಪದೇಶಿಸುತ್ತಿರುವುದು ಅಪೂರ್ಣ ಕಾರ್ಯವೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ನಿಮ್ಮ ಮನೆಯಲ್ಲಿ ಗರ್ಭಿಣಿಯೋ ಬಾಣಂತಿಯೋ ಇದ್ದರೆ, ಹಲ್ಲುಜ್ಜುವಾಗ ನೆತ್ತರು ಬರುವುದೇ ಎಂದು ಇಂದೇ ಕೇಳಿರಿ, ಬರುವುದೆಂದರೆ, ನೋವಾಗಲಿ ಎಂದು ಕಾಯದೆ, ಸಮೀಪದ ತಾಲೂಕು ಆಸ್ಪತ್ರೆಯ ದಂತವೈದ್ಯರಲ್ಲಿಗೆ ಈ ವಾರವೇ ಕರೆದೊಯ್ಯಿರಿ.